ಮುಖ್ಯರಸ್ತೆಯಲ್ಲಿ ಸೈಕಲ್ ಪಥಕ್ಕೆ ಬಿಳಿ ಗೆರೆ ಎಳೆದರೆ ಸಾಲದೇ?

ಸಾಲದು. ಗೆರೆ ದಾಟಲು ಕಾರಿಗೆ ಯಾವ ಅಡ್ಡಿಯೂ ಇಲ್ಲ. ಐದು ನಿಮಿಷಕ್ಕೆಂದು ಯಾರೋ ಅಲ್ಲೇ ಗಾಡಿ ನಿಲ್ಲಿಸುತ್ತಾರೆ, ಸೈಕಲ್ಲಿನವರು ಬಸ್ಸುಗಳ ಮಧ್ಯೆ ನುಗ್ಗಬೇಕಾಗುತ್ತದೆ.

ಲಂಡನ್ನಿನ ವಾಲ್ತಮ್ ಫಾರೆಸ್ಟ್ ಬರೋದ (ಬರೋ ಎಂದರೆ ನಗರದೊಳಗಿನ ಆಡಳಿತ ವಿಭಾಗ) ಲೀ ಬ್ರಿಡ್ಜ್ ರಸ್ತೆಯನ್ನು ನೋಡಿ. ಪೇಟೆಯಿಂದ ದೂರದ ಬಡಾವಣೆಗಳ ಮುಖ್ಯರಸ್ತೆ ಅದು, ಬಸ್ಸು ಲಾರಿಗಳ ಓಡಾಟ ಜೋರು. 2014ರಲ್ಲಿ, ಹಾಲೆಂಡಿನಂತೆ ಸೈಕಲ್ಲಿಗೆ ಅನುಕೂಲ ಮಾಡಿಕೊಡುವ 'ಮಿನಿ ಹಾಲೆಂಡ್' ಯೋಜನೆಗೆ ಆಯ್ಕೆಯಾದ ಮೂರು ಬರೋಗಳಲ್ಲಿ ವಾಲ್ತಮ್ ಫಾರೆಸ್ಟ್ ಕೂಡ ಒಂದು. ಆಮೇಲೆ ಇಲ್ಲಿ ಕಲ್ಲಿನ ಅಂಚು ಕಟ್ಟಿ ಸೈಕಲ್ ಪಥ ಬೇರ್ಪಡಿಸಿದರು.

ನಿಜವಾದ ಜಾಣತನ ಇರುವುದು ಬಸ್ ನಿಲ್ದಾಣದ ಹತ್ತಿರ. ಬಸ್ಸಿಳಿದವರು ದ್ವೀಪದಂಥ ಕಟ್ಟೆಯ ಮೇಲೆ ಕಾಲಿಡುತ್ತಾರೆ. ಸೈಕಲ್ ಪಥ ಆ ಕಟ್ಟೆಯ ಹಿಂದಿನಿಂದ ಸುತ್ತಿ ಹೋಗುತ್ತದೆ. ಹೀಗಾಗಿ ಬಸ್ಸಿಗೂ ಸೈಕಲ್ಲಿಗೂ ಜಗಳವೇ ಇಲ್ಲ. ಆದರೆ ಪಾದಚಾರಿಗಳು ಆ ಪಥ ದಾಟಿಯೇ ಫುಟ್‌ಪಾತ್ ಸೇರಬೇಕು. ಕಣ್ಣು ಕಾಣದವರಿಗೆ ಇದು ಕಷ್ಟ, ಈ ದೂರನ್ನು ತಳ್ಳಿಹಾಕುವಂತಿಲ್ಲ. ಅಡ್ಡರಸ್ತೆಗಳ ಬಾಯಲ್ಲಿ ಫುಟ್‌ಪಾತನ್ನು ಅದೇ ಎತ್ತರದಲ್ಲಿ ಮುಂದುವರಿಸುತ್ತಾರೆ. ಕಾರು ಉಬ್ಬು ಹತ್ತಿ ಬರಬೇಕಾದ್ದರಿಂದ ವೇಗ ತಾನಾಗಿ ಇಳಿಯುತ್ತದೆ.

ನಮ್ಮಲ್ಲೂ 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬೊಲಾರ್ಡ್ (ಗಿಡ್ಡ ಕಂಬ) ನೆಟ್ಟು ಸೈಕಲ್ ಪಥ ಮಾಡಿದ್ದರು. ಬೊಲಾರ್ಡ್ ಮುರಿದ ಕಡೆಯೆಲ್ಲ ಬೈಕುಗಳು ನುಗ್ಗಿದವು. ಅದಕ್ಕೇ ನಾನು ಹೇಳುವುದು: ಕಡಿಮೆ ದೂರವಾದರೂ ಸರಿ, ಗಟ್ಟಿ ಅಂಚು ಕಟ್ಟಿ, ಜಂಕ್ಷನ್ನಿನಲ್ಲೂ ಅದನ್ನು ತುಂಡರಿಸದೆ ಮಾಡಿ.