ಫೋಟೊ ಎಡಿಟಿಂಗ್ ಜೊತೆಗೆ ಸಣ್ಣಪುಟ್ಟ ಗೇಮ್: ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪಿಸಿ ಕಟ್ಟಬಹುದೇ?

ಧಾರಾಳವಾಗಿ. ರೈಜೆನ್ 5 5600ಜಿ ಪ್ರೊಸೆಸರ್ ತಗೊಳ್ಳಿ: ಆರು ಕೋರ್, ಗ್ರಾಫಿಕ್ಸ್ ಒಳಗೇ ಇದೆ. ಕೊನೆಯಲ್ಲಿ ‘ಜಿ’ ಇಲ್ಲದ 5600 ತಂದರೆ ಕಾರ್ಡ್ ಇಲ್ಲದೆ ಪರದೆ ಮೇಲೆ ಏನೂ ಬರಲ್ಲ. ಬಿ550 ಮದರ್‌ಬೋರ್ಡ್, 500 ಜಿಬಿ ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ) ಸಾಕು.

ಎಡವೋದು ರ‍್ಯಾಮ್‌ನಲ್ಲಿ. ಈ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮನ್ನೇ ಹಂಚಿಕೊಳ್ಳುತ್ತೆ. 16 ಜಿಬಿಯ ಒಂದೇ ಸ್ಟಿಕ್ ಹಾಕಿದರೆ ಬ್ಯಾಂಡ್‌ವಿಡ್ತ್ (ಡೇಟಾ ಸಾಗುವ ವೇಗ) ಅರ್ಧಕ್ಕಿಳಿದು ಗೇಮ್ ತಡವರಿಸುತ್ತೆ. ಡಿಡಿಆರ್4 3200ರ 8 ಜಿಬಿಯ ಎರಡು ಸ್ಟಿಕ್ ತನ್ನಿ. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೆಯದು. ಮ್ಯಾನ್ಯುಯಲ್ ನೋಡಿ ಕೂರಿಸಿ. ಆಮೇಲೆ ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್ ಪರದೆ) ಎಕ್ಸ್‌ಎಂಪಿ, ಅಂದರೆ ಸ್ಟಿಕ್ ಮೇಲೆ ಬರೆದ ವೇಗ ಕೊಡುವ ಸೆಟ್ಟಿಂಗ್, ಆನ್ ಮಾಡಿ, ಇಲ್ಲದಿದ್ದರೆ ಸಾಮಾನ್ಯವಾಗಿ ಕಡಿಮೆ ವೇಗದಲ್ಲೇ ಓಡುತ್ತೆ.

ಮಿಕ್ಕ ದುಡ್ಡನ್ನು ಎಸ್‌ಆರ್‌ಜಿಬಿ (ಸಾಮಾನ್ಯ ಪರದೆಗಳ ಬಣ್ಣದ ಮಾನದಂಡ) ಬಣ್ಣಗಳನ್ನು ಪೂರ್ತಿ ತೋರಿಸುವ ಐಪಿಎಸ್ ಪ್ಯಾನೆಲ್‌ನ ಮಾನಿಟರ್‌ಗೇ ಹಾಕಿ. ಎಡಿಟಿಂಗ್‌ಗೆ ಪ್ರೊಸೆಸರ್‌ಗಿಂತ ಅದೇ ಮುಖ್ಯ ಅನ್ನೋದು ನನ್ನ ಖಚಿತ ಅಭಿಪ್ರಾಯ.