ಹೊಟ್ಟೆಗೊಂದು ಪ್ರೋಬ್, ಕುತ್ತಿಗೆಗೊಂದು ಯಾಕೆ?

ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮುಗಿಸಿ ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ನೋಡುವಾಗ ಪ್ರೋಬ್ (ಮೈಮೇಲಿಟ್ಟು ಒಳಗೆ ಶಬ್ದದ ಅಲೆ ಕಳಿಸಿ, ವಾಪಸ್ ಬಂದದ್ದನ್ನು ಹಿಡಿಯುವ ಉಪಕರಣ) ಯಾಕೆ ಬದಲಾಯಿಸಿದರು ಅಂತ ಕೇಳಿದ್ದೀರಿ. ಮೊದಲನೆಯದು ಕೆಟ್ಟಿತ್ತು ಅಂತಲ್ಲ, ಚಿಂತೆ ಬೇಡ. ವ್ಯತ್ಯಾಸ ಇರುವುದು ಫ್ರೀಕ್ವೆನ್ಸಿಯಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಅಲೆ ಹೊರಡುತ್ತವೆ ಅನ್ನುವುದರಲ್ಲಿ.

ಮೈಯೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 3 ಮೆಗಾಹರ್ಟ್ಸ್ (ಸೆಕೆಂಡಿಗೆ 30 ಲಕ್ಷ) ಅಲೆಯ ಉದ್ದ ಅರ್ಧ ಮಿಲಿಮೀಟರ್, 12 ಮೆಗಾಹರ್ಟ್ಸ್‌ದು ಬರೀ 0.13. ಅಲೆ ಚಿಕ್ಕದಾದಷ್ಟೂ ಸಣ್ಣ ಗಂಟೂ ಸ್ಪಷ್ಟವಾಗಿ ಕಾಣುತ್ತದೆ.

ಹಾಗಾದರೆ ಹೊಟ್ಟೆಗೂ 12 ಮೆಗಾಹರ್ಟ್ಸ್ ಬಳಸಬಹುದಲ್ವಾ? ಆಗಲ್ಲ. ಫ್ರೀಕ್ವೆನ್ಸಿ ಜಾಸ್ತಿಯಾದರೆ ಅಲೆ ಬೇಗ ಸೊರಗುತ್ತದೆ. 10 ಸೆಂಟಿಮೀಟರ್ ಆಳಕ್ಕೆ ಹೋಗಿ ವಾಪಸ್ ಬರುವಷ್ಟರಲ್ಲಿ 3 ಮೆಗಾಹರ್ಟ್ಸ್ ಅಲೆಯ ಶಕ್ತಿಯಲ್ಲಿ ಹೆಚ್ಚುಕಮ್ಮಿ ಸಾವಿರದಲ್ಲೊಂದು ಪಾಲು ಉಳಿಯುತ್ತದೆ. 12 ಮೆಗಾಹರ್ಟ್ಸ್ ಆದರೆ ಲಕ್ಷ ಕೋಟಿಯಲ್ಲೊಂದು ಪಾಲು! ಅದನ್ನು ಯಾವ ಮೆಷಿನ್ನೂ ಹಿಡಿಯಲಾರದು. ಥೈರಾಯ್ಡ್ ಚರ್ಮದ ಹತ್ತಿರವೇ ಇರುವುದರಿಂದ ಅಲ್ಲಿ ಈ ತೊಂದರೆ ಇಲ್ಲ.