ವಿಜ್ಞಾನ ಪ್ರಶ್ನೋತ್ತರ: ಪರದೆಯ ಮೇಲಿನ ಪ್ರಯೋಗಾಲಯ

ಪ್ರಶ್ನೆ: ನಮ್ಮದು ಪಟ್ಟಣದಿಂದ ಬಹಳ ದೂರದ ಪ್ರೌಢಶಾಲೆ. ಪ್ರಯೋಗಾಲಯವೆಂದರೆ ಒಂದು ಬೀರು, ಅದರಲ್ಲಿ ನಾಲ್ಕಾರು ಬೀಕರುಗಳು. ಕಂಪ್ಯೂಟರ್ ಒಂದೇ ಇದೆ, ಇಂಟರ್‌ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಂಥ ಕಡೆ ವರ್ಚುವಲ್ ಲ್ಯಾಬ್ ಬಳಸಿ ಪಾಠ ಮಾಡಲು ಸಾಧ್ಯವೇ? (ವಿಜ್ಞಾನ ಶಿಕ್ಷಕಿ)

ಉತ್ತರ: ಸಾಧ್ಯವಿದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯ ಸಿಮ್ಯುಲೇಷನ್‌ಗಳು (ಪ್ರಯೋಗವನ್ನು ಪರದೆಯ ಮೇಲೆ ಅನುಕರಿಸಿ ತೋರಿಸುವ, ನಾವೇ ಬದಲಿಸಿ ನೋಡಬಹುದಾದ ತಂತ್ರಾಂಶಗಳು) ಉಚಿತವಾಗಿ ಸಿಗುತ್ತವೆ. ನೆಟ್ ಇರುವ ಜಾಗದಲ್ಲಿ ಬೇಕಾದದ್ದನ್ನು ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ತಂದರೆ, ಆಮೇಲೆ ಸಂಪರ್ಕವಿಲ್ಲದೆಯೇ ಸಾಮಾನ್ಯ ಬ್ರೌಸರ್‌ನಲ್ಲಿ ತೆರೆಯಬಹುದು. ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಆದರೆ ಹಳೆಯ ಸಿ.ಡಿ.ಗಳಲ್ಲಿರುವ ಫ್ಲ್ಯಾಶ್ ಆಧಾರಿತ ಪಾಠಗಳನ್ನು ನೆಚ್ಚಿಕೊಳ್ಳಬೇಡಿ, ಏಕೆಂದರೆ 2020ರ ಕೊನೆಗೆ ಫ್ಲ್ಯಾಶ್ ತಂತ್ರಾಂಶಕ್ಕೆ ಬೆಂಬಲ ನಿಂತುಹೋಯಿತು. ಮುಂದೆ ನಾಲ್ಕೈದು ಟ್ಯಾಬ್ಲೆಟ್‌ಗಳು ಬಂದರೆ ‘ಕೊಲಿಬ್ರಿ’ ಎಂಬ ಉಚಿತ ತಂತ್ರಾಂಶವನ್ನು ನಿಮ್ಮ ಕಂಪ್ಯೂಟರಿನಲ್ಲಿ ಹಾಕಿಕೊಂಡು, ಹೊರಗಿನ ನೆಟ್ ಇಲ್ಲದೆಯೇ ಶಾಲೆಯೊಳಗಿನ ವೈಫೈ ಮೂಲಕ ಎಲ್ಲ ಟ್ಯಾಬ್ಲೆಟ್‌ಗಳಿಗೂ ಪಾಠಗಳನ್ನು ಹಂಚಬಹುದು.

ಕಂಪ್ಯೂಟರ್ ಒಂದೇ ಇರುವುದು ನೀವು ಭಾವಿಸಿದಷ್ಟು ದೊಡ್ಡ ಕೊರತೆಯಲ್ಲ. ವಿದ್ಯುನ್ಮಂಡಲದ ಸಿಮ್ಯುಲೇಷನ್ ತೆರೆದು, ಒಂದು ಬ್ಯಾಟರಿಗೆ ಒಂದು ಬಲ್ಬ್ ಜೋಡಿಸಿ ಉರಿಸಿರಿ. ಅದರೊಡನೆ ಅಂಥದೇ ಇನ್ನೊಂದು ಬಲ್ಬನ್ನು ಸರಣಿಯಲ್ಲಿ ಸೇರಿಸಿದರೆ ಏನಾಗುತ್ತದೆಂಬುದನ್ನು, ಮೌಸ್ ಮುಟ್ಟುವ ಮೊದಲೇ, ಪ್ರತಿಯೊಬ್ಬರೂ ತಮ್ಮ ಪುಸ್ತಕದಲ್ಲಿ ಬರೆಯಲಿ. ಬ್ಯಾಟರಿಗೆ ಹತ್ತಿರದ ಬಲ್ಬು ಹೆಚ್ಚು ಬೆಳಗುತ್ತದೆ, ಕರೆಂಟು ಅಲ್ಲೇ ಅಷ್ಟಿಷ್ಟು ಖರ್ಚಾಗುತ್ತದೆ ಎಂದು ಬರೆಯುವವರು ಹಲವರಿರುತ್ತಾರೆ. ಎರಡೂ ಒಂದೇ ಸಮನಾಗಿ ಮಂಕಾಗುವುದನ್ನೂ, ತಂತಿಯುದ್ದಕ್ಕೂ ಎಲೆಕ್ಟ್ರಾನುಗಳು ಒಂದೇ ವೇಗದಲ್ಲಿ ಸಾಗುವುದನ್ನೂ ಕಂಡಾಗ ಏಳುವ ವಾದವೇ ಆ ದಿನದ ಪಾಠ. ಮೊದಲು ಊಹೆ ಬರೆಸದೆ ತೋರಿಸಿದರೆ, ಎಂಥ ಒಳ್ಳೆಯ ಸಿಮ್ಯುಲೇಷನ್ ಆದರೂ ಬರಿಯ ವಿಡಿಯೊ ಆಗಿಬಿಡುತ್ತದೆ.

ಪ್ರಶ್ನೆ: ಕೈಯಾರೆ ಮಾಡದ ಪ್ರಯೋಗವೂ ಒಂದು ಪ್ರಯೋಗವೇ? ಇದನ್ನೇ ನೆಪ ಮಾಡಿಕೊಂಡು ಉಪಕರಣ ಕೊಡುವುದನ್ನೇ ನಿಲ್ಲಿಸಿಯಾರು ಎಂಬ ಭಯ ನನ್ನದು. (ನಿವೃತ್ತ ಶಿಕ್ಷಕ)

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ, ಆದರೂ ಇನ್ನೊಂದು ಮಗ್ಗುಲನ್ನು ಹೇಳಲೇಬೇಕು. ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಿಮ್ಯುಲೇಷನ್‌ನಲ್ಲಿ ವಿದ್ಯುನ್ಮಂಡಲ ಕಲಿತ ವಿದ್ಯಾರ್ಥಿಗಳು ನಿಜವಾದ ತಂತಿ, ಬಲ್ಬುಗಳೊಡನೆ ಕಲಿತವರಿಗಿಂತ ಪರಿಕಲ್ಪನೆಯ ಪ್ರಶ್ನೆಗಳಿಗೆ ಉತ್ತಮವಾಗಿ ಉತ್ತರಿಸಿದ್ದಲ್ಲದೆ, ನಿಜವಾದ ಮಂಡಲವನ್ನು ಜೋಡಿಸಿ ವಿವರಿಸುವುದರಲ್ಲಿಯೂ ಮುಂದಿದ್ದರು. ಅವರು ಕಾಲೇಜು ವಿದ್ಯಾರ್ಥಿಗಳು ಎಂಬುದನ್ನು ಮರೆಯದೆ ಈ ಫಲಿತಾಂಶವನ್ನು ಓದಬೇಕು. ಕಣ್ಣಿಗೆ ಕಾಣದ ಎಲೆಕ್ಟ್ರಾನು, ಮುಟ್ಟಬಾರದ ವಿಕಿರಣ, ತರಗತಿಯ ಅವಧಿಯಲ್ಲಿ ಮುಗಿಯದ ಬದಲಾವಣೆಗಳಿಗೆ ಪರದೆಯೇ ಲೇಸು.

ದ್ರವವನ್ನು ಅಳೆದು ಬಿಡುವ, ಕೆಳಗೆ ನಲ್ಲಿಯಿರುವ ಗಾಜಿನ ಕೊಳವೆಯಾದ ಬ್ಯೂರೆಟ್ಟಿನ ಮಾತು ಬೇರೆ. ಫಿನಾಫ್ಥಲೀನ್ ಎಂಬ ಬಣ್ಣ ಬದಲಿಸುವ ಸೂಚಕವನ್ನು ಹಾಕಿದ ಆಮ್ಲಕ್ಕೆ ಪ್ರತ್ಯಾಮ್ಲವನ್ನು ತೊಟ್ಟು ತೊಟ್ಟಾಗಿ ಬಿಡುವಾಗ, ಫ್ಲಾಸ್ಕನ್ನು ಅಲುಗಿಸಿದರೂ ತಿಳಿಗುಲಾಬಿ ಬಣ್ಣ ಮಾಯವಾಗದೆ ನಿಲ್ಲುವ ಕ್ಷಣಕ್ಕೆ ನಲ್ಲಿಯನ್ನು ತಿರುಗಿಸಿ ಮುಚ್ಚುವುದು ಬೆರಳಿಗೇ ಬರಬೇಕಾದ ವಿದ್ಯೆ. ಒಂದು ತೊಟ್ಟು ಹೆಚ್ಚಾದರೆ ಕಡುಗುಲಾಬಿ. ಮೌಸ್‌ನಿಂದ ಇದು ಬರುವುದಿಲ್ಲ. ಲೋಲಕವನ್ನೂ ಪರದೆಯಿಂದ ಆರಂಭಿಸಬಾರದೆಂದೇ ನನ್ನ ಅಭಿಪ್ರಾಯ: ದಾರ, ಕಲ್ಲು ಎಲ್ಲಿಯೂ ಸಿಗುತ್ತವೆ. 1 ಮೀಟರ್ ಉದ್ದದ ಲೋಲಕ 10 ಆಂದೋಲನಗಳಿಗೆ ಸುಮಾರು 20 ಸೆಕೆಂಡು ತೆಗೆದುಕೊಳ್ಳುತ್ತದೆ. ಒಂದು ಗುಂಪಿಗೆ 19.6, ಇನ್ನೊಂದಕ್ಕೆ 20.5 ಬಂದಾಗ ಯಾರದು ಸರಿ, ಏಕೆ ವ್ಯತ್ಯಾಸ ಬಂತು ಎಂದು ಹುಡುಕುವ ಅವಕಾಶ, ಅಚ್ಚುಕಟ್ಟಾದ ಅಂಕಿಗಳನ್ನೇ ಕೊಡುವ ಪರದೆಯಲ್ಲಿ ಸಿಗುವುದು ಕಷ್ಟ. ಅದಾದ ಮೇಲೆ ಇದೇ ಲೋಲಕವನ್ನು ಪರದೆಯಲ್ಲಿ ಚಂದ್ರನಿಗೆ ಒಯ್ಯಿರಿ. ಅಲ್ಲಿ 10 ಆಂದೋಲನಗಳಿಗೆ 49 ಸೆಕೆಂಡಿನಷ್ಟು ಬೇಕಾಗುತ್ತದೆ. ಉಪಕರಣದ ಬೇಡಿಕೆಪಟ್ಟಿ ಬರೆಯುವಾಗ ಬ್ಯೂರೆಟ್ಟು, ಸೂಕ್ಷ್ಮದರ್ಶಕಗಳನ್ನು ಮೊದಲಿಗೇ ಬರೆಯಿರಿ. ವರ್ಚುವಲ್ ಲ್ಯಾಬ್ ಇದೆಯೆಂದು ಅವುಗಳನ್ನು ಬಿಟ್ಟುಕೊಡಬೇಡಿ.

ಪ್ರಶ್ನೆ: ಶಿಕ್ಷಕರ ಮೊಬೈಲ್ ಫೋನು ಪ್ರಯೋಗಕ್ಕೆ ಒದಗೀತೇ? (ವಿದ್ಯಾರ್ಥಿ)

ಉತ್ತರ: ಒದಗುತ್ತದೆ. ಜರ್ಮನಿಯ ಆಖೆನ್‌ನ ತಾಂತ್ರಿಕ ವಿಶ್ವವಿದ್ಯಾಲಯ 2016ರಲ್ಲಿ ಹೊರತಂದ ‘ಫೈಫಾಕ್ಸ್’ ಆ್ಯಪ್ ಫೋನಿನ ಸಂವೇದಕಗಳನ್ನು ಅಳತೆಯ ಉಪಕರಣಗಳನ್ನಾಗಿ ಮಾಡುತ್ತದೆ. ಎರಡು ಫೋನುಗಳನ್ನು 5 ಮೀಟರ್ ದೂರದಲ್ಲಿಟ್ಟು, ಆ ಆ್ಯಪ್ಪಿನಲ್ಲಿರುವ, ಒಂದು ಶಬ್ದಕ್ಕೆ ಶುರುವಾಗಿ ಮುಂದಿನ ಶಬ್ದಕ್ಕೆ ನಿಲ್ಲುವ ಸ್ಟಾಪ್‌ವಾಚನ್ನು ಎರಡರಲ್ಲಿಯೂ ತೆರೆಯಿರಿ. ಮೊದಲು ಒಂದರ ಬಳಿ, ಆಮೇಲೆ ಇನ್ನೊಂದರ ಬಳಿ ಜೋರಾಗಿ ಚಪ್ಪಾಳೆ ತಟ್ಟಿದರೆ ಎರಡೂ ತೋರುವ ಸಮಯಗಳಲ್ಲಿ ಸುಮಾರು 0.029 ಸೆಕೆಂಡಿನ ವ್ಯತ್ಯಾಸ ಬರುತ್ತದೆ. ಶಬ್ದ 10 ಮೀಟರ್ ಸಾಗಲು ಹಿಡಿಯುವ ಸಮಯ ಅದು. 10ನ್ನು ಅದರಿಂದ ಭಾಗಿಸಿದರೆ ಶಬ್ದದ ವೇಗ ಸಿಗುತ್ತದೆ. 5 ಮೀಟರಿಗೆ ಬದಲು 10 ಮೀಟರ್ ಲೆಕ್ಕ ಹೇಗೆ ಬಂತೆಂಬುದನ್ನು ಚಿತ್ರ ಬರೆದು ನೀವೇ ಕಂಡುಕೊಳ್ಳಿ.